ಹೊಸ ಮಾಡೆಲ್ಲಿನ ಹಿಂದಿನ ಸೀಟು

ಹೊಸ ಮಾಡೆಲ್ ಬಂದಿದೆ, ಹಳೆಯದನ್ನು ಕೊಟ್ಟು ಅದನ್ನು ತೆಗೆದುಕೊಳ್ಳಬಹುದೇ ಎಂದು ಯಾರಾದರೂ ನನ್ನೆದುರು ಮಾತು ತೆಗೆದರೆ ಇಂದಿಗೂ ನನ್ನ ತಲೆ ಬಿಸಿಯಾಗುತ್ತದೆ. ಕಾರಿನ ಮಾತಾದರೂ ಅಷ್ಟೇ, ಮೋಟರ್ ಸೈಕಲ್ಲಿನ ಮಾತಾದರೂ ಅಷ್ಟೇ. ಕೇಳುವವರದೇನೂ ತಪ್ಪಿಲ್ಲ, ಗೊತ್ತು. ಅವರು ದೀಪ ಬದಲಾಗಿದೆ ಎನ್ನುತ್ತಾರೆ, ಮೀಟರ್ ಬದಲಾಗಿದೆ ಎನ್ನುತ್ತಾರೆ, ಟ್ಯಾಂಕಿನ ಮೇಲಿನ ಪಟ್ಟಿಯ ಬಣ್ಣ ಬದಲಾಗಿದೆ ಎನ್ನುತ್ತಾರೆ. ನಾನು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕುತ್ತೇನೆ. ಹಿಂದೆ ಕೂತು ನೋಡಿದ್ದೀರಾ? ಹೌದು ಎಂದು ತಾವಾಗಿ ಹೇಳಿದವರು ಇಷ್ಟು ವರ್ಷಗಳಲ್ಲಿ ಒಬ್ಬರೂ ಸಿಕ್ಕಿಲ್ಲ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ತೊಂಬತ್ತರ ದಶಕದ ಆರಂಭದಲ್ಲಿ ನೌಕರಿ ಸಿಕ್ಕಾಗ ನನ್ನನ್ನು ಹಾಕಿದ್ದು ಚಿಂಚೋಳಿ ತಾಲೂಕಿನ ಗಡಿಯ ಒಂದು ಹಳ್ಳಿಗೆ. ಚಂದಾಪುರದಲ್ಲಿ ಒಂದು ಕೋಣೆ ಹಿಡಿದು, ಸಿಕ್ಕ ಜೀಪು, ಸಿಕ್ಕ ಟ್ರ್ಯಾಕ್ಟರು ಹತ್ತಿ, ಅದೂ ಸಿಗದ ದಿನ ಕಾಡಿನ ದಾರಿಯಲ್ಲಿ ನಡೆದು ಶಾಲೆ ಮುಟ್ಟುತ್ತಿದ್ದೆ. ಶನಿವಾರ ಮಧ್ಯಾಹ್ನ ಹೊರಟು, ಸುಲೇಪೇಟದಲ್ಲಿ ಬಸ್ಸು ಕಾದು, ಶಹಾಬಾದಿನ ತವರುಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ನಡುವೆ ಮದುವೆಯಾಯಿತು. ಗಂಡನ ಮನೆ ಚಿತ್ತಾಪುರ, ಅವರ ನೌಕರಿ ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯ ಆಫೀಸಿನಲ್ಲಿ, ನನ್ನ ನೌಕರಿ ಚಿಂಚೋಳಿಯ ಆಚೆ. ಏಳು ವರ್ಷ ಅರ್ಜಿ ಬರೆದು ಬರೆದು, ಕೊನೆಗೆ ಚಿತ್ತಾಪುರದಿಂದ ವಾಡಿಗೆ ಹೋಗುವ ರಸ್ತೆಯಲ್ಲಿ, ಕ್ರಾಸಿನಿಂದ ಮೂರು ಕಿಲೋಮೀಟರ್ ಒಳಗಿರುವ ಒಂದು ಹಳ್ಳಿಗೆ ವರ್ಗವಾಯಿತು. ಆ ಆದೇಶದ ಕಾಗದವನ್ನು ನಮ್ಮ ಅತ್ತೆಯವರು ದೇವರ ಮುಂದಿಟ್ಟು ಅಕ್ಷತೆ ಹಾಕಿದ್ದರು.

ಅದು ಒಬ್ಬರೇ ಶಿಕ್ಷಕರಿರುವ ಶಾಲೆ. ಬೀಗದ ಕೈ ನನ್ನ ಪರ್ಸಿನಲ್ಲಿ. ನಾನು ಹೋದರೆ ಶಾಲೆ ಇದೆ, ಹೋಗದಿದ್ದರೆ ಇಲ್ಲ. ಊರಿನ ಸುತ್ತ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಗಳು. ತಂದೆತಾಯಿ ಇಬ್ಬರೂ ಬೆಳಿಗ್ಗೆ ಕಲ್ಲು ಎತ್ತಲು ಹೋಗುವ ಮನೆಗಳೇ ಹೆಚ್ಚು, ಹಾಗಾಗಿ ಮಕ್ಕಳು ಹತ್ತು ಗಂಟೆಯ ಪ್ರಾರ್ಥನೆಗೆ ಒಂಬತ್ತೂವರೆಗೇ ಬಂದು ಬಾಗಿಲಲ್ಲಿ ನಿಂತಿರುತ್ತಿದ್ದವು.

ನನ್ನ ಗಂಡ ದಿನಾ ಬೆಳಿಗ್ಗೆ ಮೋಟರ್ ಸೈಕಲ್ಲಿನ ಮೇಲೆ ನನ್ನನ್ನು ಶಾಲೆಯವರೆಗೆ ಬಿಟ್ಟು, ತಿರುಗಿ ಕ್ರಾಸಿಗೆ ಬಂದು, ಅಲ್ಲಿನ ಹೋಟೆಲ್ಲಿನಲ್ಲಿ ಗೆಳೆಯರೊಂದಿಗೆ ಚಹಾ ಕುಡಿದು ವಾಡಿಗೆ ಹೋಗುತ್ತಿದ್ದರು. ಸಂಜೆ ಹಾಗೆಯೇ ಕರೆತರುತ್ತಿದ್ದರು. ಮೊದಲು ನಮ್ಮಲ್ಲಿದ್ದದ್ದು ಒಂದು ಸಾದಾ ಗಾಡಿ. ಎರಡು ಸಾವಿರದ ಇಸವಿ ದಾಟಿದ ಮೇಲೆ ಸ್ಪೋರ್ಟ್ಸ್ ಬೈಕು ಎನ್ನುವ ಹುಚ್ಚು ನಮ್ಮ ಕಡೆಗೂ ಬಂತು, ಅವರು ಅದರಲ್ಲಿ ಒಂದನ್ನು ತಂದರು. ನನಗೇನೂ ತಕರಾರಿರಲಿಲ್ಲ. ಅದರ ಸೀಟು ಉದ್ದವಾಗಿತ್ತು, ಹಿಂದೆ ಹಿಡಿದುಕೊಳ್ಳಲು ಕಬ್ಬಿಣದ ಹಿಡಿ ಇತ್ತು, ಎಡಬದಿಯ ಗಾಲಿಗೆ ಸೀರೆ ಸಿಕ್ಕಿಕೊಳ್ಳದಂತೆ ಜಾಲರಿ ಇತ್ತು, ಜಾಲರಿಯ ಕೆಳಗೆ ಎರಡೂ ಪಾದ ಊರಲು ಒಂದು ಪಟ್ಟಿ ಇತ್ತು. ಆ ಜಾಲರಿಗೆ ಸೀರೆ ಗಾರ್ಡ್ ಎನ್ನುತ್ತಾರೆ.

ಸೀರೆಯವರು ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂಡಬೇಕು. ಮುಖ ಯಾವಾಗಲೂ ಎಡಕ್ಕೆ. ಹೀಗಾಗಿ ಎರಡೂ ಗಾಡಿ ಸೇರಿ ಎಂಟು ವರ್ಷ ನಾನು ಹೋಗುವಾಗ ರಸ್ತೆಯ ಒಂದು ಮಗ್ಗುಲನ್ನು, ಬರುವಾಗ ಇನ್ನೊಂದು ಮಗ್ಗುಲನ್ನು ನೋಡಿದ್ದೇನೆ. ಬೆಳಗಿನದು ಫರ್ಸಿ ಜೋಡಿಸಿಟ್ಟ ಮಗ್ಗುಲು, ಸಂಜೆಯದು ತೊಗರಿ ಹೊಲದ ಮಗ್ಗುಲು. ಇವೆರಡನ್ನು ಬಿಟ್ಟರೆ ನಾನು ಎಂಟು ವರ್ಷ ನೋಡಿದ್ದು ನನ್ನ ಗಂಡನ ಎಡಗಾಲನ್ನು. ಗೇರು ಹಾಕುವುದು ಆ ಕಾಲೇ. ಯಾವಾಗ ಒತ್ತುತ್ತಾರೆ, ಯಾವಾಗ ಎತ್ತುತ್ತಾರೆ, ಹಂಪು ಬಂದಾಗ ಎಷ್ಟು ಸಲ ಇಳಿಸುತ್ತಾರೆ, ಅದಕ್ಕೂ ಮೊದಲು ಎಡಗೈ ಏನು ಹಿಡಿಯುತ್ತದೆ, ಎಲ್ಲವೂ ನನಗೆ ಬಾಯಿಪಾಠವಾಗಿತ್ತು. ಅದರಿಂದ ಏನಾದರೂ ಉಪಯೋಗವಿದೆ ಎಂದು ಆಗ ಹೊಳೆದಿರಲಿಲ್ಲ.

ಬೈಕು ತಂದು ಮೂರು ವರ್ಷವಾಗಿತ್ತು. ಒಂದು ದಿನವೂ ಕೈ ಕೊಟ್ಟಿರಲಿಲ್ಲ. ಅಷ್ಟರಲ್ಲಿ ಅದೇ ಬೈಕಿನ ಹೊಸ ವರ್ಷದ ಮಾಡೆಲ್ ಬಂತು. ಕ್ರಾಸಿನ ಹೋಟೆಲ್ಲಿನಲ್ಲಿ ಬೇರೆ ಮಾತೇ ನಿಂತುಹೋಯಿತು. ನನ್ನ ಗಂಡ ಮತ್ತು ಅವರ ಇಬ್ಬರು ಗೆಳೆಯರು, ಅದೇ ಕಾರ್ಖಾನೆಯವರು, ದಿನಾ ಕಂಪನಿಯ ಬಣ್ಣದ ಕಾಗದ ಹರವಿಕೊಂಡು ಕೂಡುತ್ತಿದ್ದರು. ಮನೆಗೆ ಬಂದರೂ ಅದೇ. ಒಂದು ಭಾನುವಾರ ನನ್ನ ಪಾಠ ಟಿಪ್ಪಣಿಯ ಪುಸ್ತಕ ತೆಗೆದು ನೋಡಿದರೆ ಅದರ ಕೊನೆಯ ಪುಟದಲ್ಲಿ ಅವರು ಗೆರೆ ಎಳೆದು ಪಟ್ಟಿ ಮಾಡಿದ್ದರು. ಎಡಕ್ಕೆ ಹಳೆಯದು, ಬಲಕ್ಕೆ ಹೊಸದು. ಹದಿನಾಲ್ಕು ಅಂಶಗಳು. ಮಕ್ಕಳಿಗೆ ಏನು ಕಲಿಸಬೇಕೆಂದು ಬರೆಯುವ ಪುಸ್ತಕ ಅದು.

"ಹದಿನಾಲ್ಕು ಫರಕ್ ಅವ ನೋಡು," ಅಂದರು. "ಇಷ್ಟ್ ಇದ್ದ ಮ್ಯಾಲೆ ಬದಲ್ ಮಾಡೂದೇ ಫಾಯದಾ."

ನಾನು ಒಂದೊಂದೇ ಓದಿದೆ. ಕಾಗುಣಿತ ತಿದ್ದಿದೆ ಕೂಡ, ರೂಢಿ ಬಲ. ಮೀಟರಿನಲ್ಲಿ ಅಂಕಿ ಬೆಳಗುತ್ತದೆ. ಗಾಲಿ ಕಪ್ಪಾಗಿದೆ. ಬ್ರೇಕು ಸುಧಾರಿಸಿದೆ. ಹ್ಯಾಂಡಲ್ ತಗ್ಗಾಗಿದೆ. ಕಿಕ್ ಇಲ್ಲ, ಬಟನ್ ಒತ್ತಿದರೆ ಚಾಲೂ. ಸೀಟು ಎರಡು ತುಂಡಾಗಿದೆ, ಹಿಂದಿನದು ಎತ್ತರ. ಅದರ ಮುಂದೆ 'ಮಸ್ತ್ ಲುಕ್' ಎಂದು ಬರೆದಿದ್ದರು.

"ಇದರಾಗ ಹಿಂದ ಕೂಡವರಿಗೆ ಏನದ ರೀ?" ಎಂದು ಕೇಳಿದೆ.

"ಯಾಕ, ಹಿಂದಿನ ಲೈಟ್ ಪೂರಾ ಬದಲ್ ಮಾಡ್ಯಾರಲಾ."

"ಅದು ಹಿಂದ ಬರೋ ಲಾರಿಯಂವಗ ಕಾಣಲಿಕ್ಕೆ. ನನಗಲ್ಲ."

ಅವರು ನಕ್ಕರು. ನಾನು ತಮಾಷೆ ಮಾಡಿದೆ ಎಂದುಕೊಂಡರು. ನನ್ನ ಮಾತು ತಮಾಷೆಯಾಗಿ ಕಿವಿಗೆ ಬಿದ್ದರೆ ಒಳ್ಳೆಯ ಹೆಂಡತಿ, ಹಾಗೇ ಕಿವಿಗೆ ಬಿದ್ದರೆ ಕಿರಿಕಿರಿ. ಅಂದೇ ನಾನು ಕಿರಿಕಿರಿ ಮಾಡಬೇಕಿತ್ತು. ಎರಡು ತುಂಡು ಸೀಟು ಎಂದರೆ ಏನೆಂದು ಕೂತು ನೋಡದೆ ನನಗೂ ತಿಳಿದಿರಲಿಲ್ಲ, ಅದೊಂದು ನನ್ನ ತಪ್ಪು.

ಪಂಚಾಂಗ ನೋಡಿ, ಏಕಾದಶಿ ಬಿಟ್ಟು, ರಾಹುಕಾಲ ಬಿಟ್ಟು, ಒಂದು ಗುರುವಾರ ಹಳೆಯದನ್ನು ಕೊಟ್ಟು ಹೊಸದನ್ನು ತಂದರು. ಎಲ್ಲ ಗ್ರಹಗಳನ್ನೂ ಕೇಳಿದರು, ನನ್ನೊಬ್ಬಳನ್ನು ಬಿಟ್ಟು. ನಾನೇ ಆರತಿ ಎತ್ತಿದೆ, ಕುಂಕುಮ ಹಚ್ಚಿದೆ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟೆ. ಬಗ್ಗಿದಾಗ ನೋಡಿದರೆ ಎಡಬದಿ ಖಾಲಿ. ಜಾಲರಿ ಇಲ್ಲ, ಕಾಲಿಡುವ ಪಟ್ಟಿ ಇಲ್ಲ.

"ಸೀರಿ ಗಾರ್ಡ್ ಎಲ್ಲದ?"

"ತೆಗಿಸಿದೆ. ಅದಿದ್ರ ಸ್ಪೋರ್ಟ್ಸ್ ಲುಕ್ಕೇ ಹೋಗ್ತದ. ಶೋರೂಮಿನಂವ ಕೇಳ್ದ, ನಾ ಬ್ಯಾಡ ಅಂದೆ." ಹಾಗೆಂದು ಕೈಚೀಲದಿಂದ ಪೇಪರಿನಲ್ಲಿ ಸುತ್ತಿದ ಜಾಲರಿಯನ್ನು ತೆಗೆದು ನನ್ನ ಕೈಗೆ ಕೊಟ್ಟರು. "ಗಾಡಿ ಸಂಗಟ ಬಂದದ್ದು, ಯಾಕ ಬಿಡಬೇಕು ಅಂತ ತಂದೆ."

ಇದು ನಮ್ಮವರಿಗೆ ಮಾತ್ರ ಹೊಳೆಯುವ ಬುದ್ಧಿ. ಹಾಕಿಸಿಕೊಳ್ಳುವುದಿಲ್ಲ, ಬಿಟ್ಟೂ ಬರುವುದಿಲ್ಲ. ಹೆಂಡತಿಯ ಸೀರೆ ಗಾಲಿಗೆ ಸಿಕ್ಕರೂ ಚಿಂತೆಯಿಲ್ಲ, ಪುಕ್ಕಟೆ ಬಂದ ಕಬ್ಬಿಣ ಶೋರೂಮಿನಲ್ಲಿ ಉಳಿಯಬಾರದು. ಅತ್ತೆಯವರು ಅದನ್ನು ಅಂಗಳದಲ್ಲಿ ಹುಗಿದು ಹಾಗಲ ಬಳ್ಳಿ ಹಬ್ಬಿಸಿದರು. ಬಳ್ಳಿ ಚೆನ್ನಾಗಿ ಬಂತು.

ಮರುದಿನ ಬೆಳಿಗ್ಗೆ ಸೀಟು ಹತ್ತಿದೆ. ಹತ್ತಿದೆ ಎಂದೇ ಹೇಳಬೇಕು. ಊಟಕ್ಕೆ ಹಾಕುವ ಮಣೆಗಿಂತ ಚಿಕ್ಕದು, ನನ್ನ ಎದೆಯ ಹತ್ತಿರದ ಎತ್ತರ, ಮೇಲಾಗಿ ಮುಂದಕ್ಕೆ ಇಳಿಜಾರು. ಎರಡೂ ಕಡೆ ಕಾಲು ಹಾಕಿ, ಮುಂದಿನವರ ಬೆನ್ನಿಗೆ ಅಂಟಿಕೊಂಡು ಕೂಡುವವರಿಗೆ ಮಾಡಿದ ಸೀಟು ಅದು. ಆರು ವಾರಿ ಸೀರೆ ಉಟ್ಟು ಒಂದು ಬದಿಗೆ ಕೂತರೆ ಅರ್ಧ ಮೈ ಗಾಳಿಯಲ್ಲಿ. ಪಾದ ಊರಲು ಒಂದೇ ಒಂದು ಗಿಡ್ಡ ಕಬ್ಬಿಣದ ಗುಬುಟು. ಒಂದು ಕೈಯಿಂದ ಅವರ ಹೆಗಲು ಹಿಡಿದು, ಇನ್ನೊಂದು ಕೈಯಿಂದ ಸೆರಗು ನೆರಿಗೆ ಎರಡನ್ನೂ ಹಿಡಿದು, ಟಿಫಿನ್ ಚೀಲವನ್ನು ಮೊಣಕೈಗೆ ಸಿಕ್ಕಿಸಿಕೊಂಡು ನಾಲ್ಕು ದಿನ ಹೋದೆ.

ಐದನೆಯ ದಿನ ನಮ್ಮ ಮುಂದೆ ಹೋಗುತ್ತಿದ್ದ ಫರ್ಸಿ ಲಾರಿ ಗಕ್ಕನೆ ನಿಂತಿತು. ಇವರು ಬ್ರೇಕು ಹಿಡಿದರು. ಪಟ್ಟಿಯಲ್ಲಿ ಬರೆದಿದ್ದರಲ್ಲ, ಬ್ರೇಕು ಸುಧಾರಿಸಿದೆ ಎಂದು, ಅದು ಖರೆಯೇ. ಗಾಡಿ ನಿಂತಲ್ಲೇ ನಿಂತಿತು. ನಾನು ನಿಲ್ಲಲಿಲ್ಲ. ಜಾರಿ ಡಾಂಬರಿನ ಮೇಲೆ ಕೂತೆ. ಬಲಗೈಯ ಬಳೆಗಳೆಲ್ಲ ಒಡೆದವು, ಮೊಣಕೈ ಕೆತ್ತಿತು, ಡಬ್ಬಿಯ ಅನ್ನ ರಸ್ತೆಗೆ ಚೆಲ್ಲಿತು.

ಅವರು ಗಾಡಿಗೆ ಸ್ಟ್ಯಾಂಡ್ ಹಾಕಿದರು. ಎಡಗಡೆಯ ಇಂಡಿಕೇಟರ್ ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಪೆಟ್ಟು ಹತ್ತೇನು?" ಎಂದರು.

ಕೆಟ್ಟವರಲ್ಲ ಅವರು. ಒಂದು ದಿನ ಕೈ ಎತ್ತಿದವರಲ್ಲ, ಬಾಯಿ ಕೆಡಿಸಿಕೊಂಡವರಲ್ಲ. ಮನೆಗೆ ಬಂದು ತಾವೇ ಅರಿಶಿನ ಹಚ್ಚಿದರು. ಆದರೆ ಆ ಇಂಡಿಕೇಟರ್ ಮುಟ್ಟಿದ ಕೈಯನ್ನು ನಾನು ಮರೆತಿಲ್ಲ, ಮರೆಯುವ ಮನಸ್ಸೂ ನನಗಿಲ್ಲ.

ಅಂದಿನಿಂದ ನಾನು ಬಸ್ಸು ಹಿಡಿದೆ. ಚಿತ್ತಾಪುರದಿಂದ ಏಳಕ್ಕೊಂದು ಬಸ್ಸು, ಆಮೇಲೆ ಒಂಬತ್ತೂಕಾಲಿಗೆ. ಏಳರದ್ದಕ್ಕೆ ಹೋಗಬೇಕೆಂದರೆ ಅಡಿಗೆ, ದೇವರ ನೈವೇದ್ಯದ ತಯಾರಿ, ಮಗಳನ್ನು ಅವಳ ಶಾಲೆಗೆ ಸಿದ್ಧ ಮಾಡುವುದು, ಯಾವುದೂ ಮುಗಿಯುತ್ತಿರಲಿಲ್ಲ. ಕೆಲವು ದಿನ ಹಾಗೂ ಹೋದೆ. ಒಂಬತ್ತೂಕಾಲಿನದು ಒಂಬತ್ತೂಕಾಲಿಗೆ ಬಂದ ನೆನಪು ನನಗಿಲ್ಲ. ಕ್ರಾಸಿನಲ್ಲಿ ಇಳಿದು ಖಣಿಯ ಧೂಳಿನಲ್ಲಿ ಮೂರು ಕಿಲೋಮೀಟರ್ ನಡೆದು ಬೀಗ ತೆಗೆಯುವಾಗ ಹತ್ತೂವರೆ, ಒಮ್ಮೊಮ್ಮೆ ಹತ್ತೂಮುಕ್ಕಾಲು. ಇಳಿಯುವಾಗ ನೋಡುತ್ತಿದ್ದೆ, ಹೋಟೆಲ್ಲಿನ ಮುಂದೆ ಇವರ ಗಾಡಿ ಕಾಣುತ್ತಿರಲಿಲ್ಲ. ಚಹಾ ಮುಗಿಸಿ ಹೋಗಿರುತ್ತಿದ್ದರು.

ಒಂದು ಬೆಳಿಗ್ಗೆ ಖಣಿಯ ಕೆಲಸದ ಒಬ್ಬ ತಾಯಿ ಶಾಲೆಯ ಬಾಗಿಲಲ್ಲೇ ನನ್ನನ್ನು ಕಾಯುತ್ತ ನಿಂತಿದ್ದಳು. ಅವಳ ಎರಡು ಮಕ್ಕಳು ನನ್ನಲ್ಲಿ ಓದುತ್ತಿದ್ದವು. ಅಂದು ಅವಳ ಕೆಲಸವೂ ತಪ್ಪಿತ್ತು.

"ಟೀಚರ್, ನೀವು ಬರಾತನಾ ಇವು ಖಣಿ ಕಡಿ ಹೋಗಾಕತ್ಯಾವ್ರಿ. ಹಳೀ ಖಣ್ಯಾಗ ನೀರು ತುಂಬ್ಯಾವ. ನಿಮ್ಮ ಕೈ ಮುಗಿತೀನಿ, ಜರಾ ಲಗೂ ಬರ್ರಿ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೈ ಮುಗಿದಳು. ಅದೇ ತಿಂಗಳು ಊರಿನವರು ಅರ್ಜಿಯನ್ನೂ ಕೊಟ್ಟರು, ಕೊಡಲೇಬೇಕಿತ್ತು. ಮೇಲಿನ ಅಧಿಕಾರಿ ತನಿಖೆಗೆ ಬಂದು ಹಾಜರಿ ಪುಸ್ತಕ ತಿರುವಿ ಹಾಕಿ, "ಹಿಂಗ ಆದ್ರ ನಡ್ಯಾಂಗಿಲ್ಲ ನೋಡ್ರಿ ಟೀಚರ್. ಚಿಂಚೋಳಿ ಕಡಿ ಜಾಗಾ ಭಾಳ ಖಾಲಿ ಅವ. ಇನ್ನೊಮ್ಮಿ ಕಂಪ್ಲೇಂಟ್ ಬಂದ್ರ ನಾ ಏನೂ ಮಾಡಾಕ ಬರೂದಿಲ್ಲ," ಎಂದರು. ಏಳು ವರ್ಷ ಅರ್ಜಿ ಬರೆದು ಬಿಡಿಸಿಕೊಂಡು ಬಂದ ಊರಿಗೇ ಮತ್ತೆ. ಈ ಸಲ ಮಗಳನ್ನು ಬಿಟ್ಟು.

ಸಂಜೆ ಗಂಡನಿಗೆ ಹೇಳಿದೆ. ಹಳೆಯ ತರಹದ ಸೀಟಿನ ಗಾಡಿ ತನ್ನಿ, ಇಲ್ಲವೇ ನನ್ನನ್ನು ಮುಟ್ಟಿಸುವ ಬೇರೆ ದಾರಿ ಹುಡುಕಿ ಎಂದೆ.

"ತಂದು ನಾಕ್ ತಿಂಗಳಾಗಿಲ್ಲ, ಈಗ ಮಾರು ಅಂದ್ರ ಹ್ಯಾಂಗ? ನೀನೇ ಜರಾ ಅಡ್ಜಸ್ಟ್ ಮಾಡ್ಕೊ. ಪಂಜಾಬಿ ಡ್ರೆಸ್ ಹಾಕ್ಕೊಂಡು ಎರಡೂ ಕಡಿ ಕಾಲ್ ಹಾಕಿ ಕುಂದ್ರು."

ಆ ದಿನಗಳಲ್ಲಿ ನಮ್ಮ ಕಡೆ ಸರಕಾರಿ ಶಾಲೆಯ ಶಿಕ್ಷಕಿ ಪಂಜಾಬಿ ಡ್ರೆಸ್ಸಿನಲ್ಲಿ ಹೋದರೆ ಅದೇ ಇನ್ನೊಂದು ಅರ್ಜಿಗೆ ದಾರಿಯಾಗುತ್ತಿತ್ತು. ಒಬ್ಬಾಕೆ ಹಾಗೆ ಹೋಗಿ ಎಲ್ಲರೆದುರು ಅನ್ನಿಸಿಕೊಂಡಿದ್ದು ಅವರಿಗೂ ಗೊತ್ತಿತ್ತು. ಗಾಡಿ ಬದಲಾಗುವುದಿಲ್ಲ, ಬಸ್ಸು ಬದಲಾಗುವುದಿಲ್ಲ, ಇಲಾಖೆ ಬದಲಾಗುವುದಿಲ್ಲ. ಬದಲಾಗಬೇಕಾದದ್ದು ನಾನು. ಮಾಡೆಲ್ ಮಾತ್ರ ವರ್ಷಕ್ಕೊಮ್ಮೆ ಬದಲಾಗಬಹುದು.

ಅದೇ ಸುಮಾರಿಗೆ ಒಂದು ಮದುವೆಗೆಂದು ಸೇಡಂಗೆ ಹೋದೆವು, ರೈಲಿನಲ್ಲಿ. ಬಸ್ ಸ್ಟ್ಯಾಂಡಿನ ಹತ್ತಿರ ನಡೆದು ಹೋಗುವಾಗ ನಮ್ಮ ಹಳೆಯ ಬೈಕು ಎದುರಿಗೆ ಬಂತು. ನಂಬರ್ ನೋಡದೆಯೂ ಗುರುತು ಹಿಡಿದೆ. ಹಿಂದಿನ ಹಿಡಿಗೆ ನಾನೇ ಸುತ್ತಿದ್ದ ಹಸಿರು ಬಟ್ಟೆ ಹಾಗೇ ಇತ್ತು. ಯಾರೋ ಒಬ್ಬಾಕೆ ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಕೂಸು ಇಟ್ಟುಕೊಂಡು, ಪಟ್ಟಿಯ ಮೇಲೆ ಎರಡೂ ಪಾದ ಊರಿ, ಮನೆಯ ಕಟ್ಟೆಯ ಮೇಲೆ ಕೂತಷ್ಟು ನಿಶ್ಚಿಂತೆಯಿಂದ ಹೋದಳು. ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ, ಅವಳ ಒಡವೆ ನೋಡಿ ಆಗದಷ್ಟು ಆ ಸೀಟು ನೋಡಿ ಆಯಿತು.

"ಗುರುತು ಹತ್ತಿತೇನ್ರಿ?" ಎಂದೆ.

"ಹಳೀ ಲೈಟ್ ಎಷ್ಟ್ ಡಿಮ್ ಕಾಣ್ತದ ನೋಡು," ಎಂದರು ನನ್ನ ಗಂಡ.

ಮುಂದಿನ ತಿರುವು ಕೊಟ್ಟವರು ಅತ್ತೆಯವರು. ಮಳಖೇಡಕ್ಕೆ ಆರಾಧನೆಗೆ ಹೋಗಬೇಕಿತ್ತು, ರಿಕ್ಷಾ ಸಿಗಲಿಲ್ಲ. ಆಗ ಅವರಿಗೆ ಅರವತ್ತಾಗಿತ್ತು. ದಿನವೂ ಒಂಬತ್ತು ವಾರಿಯ ಕಚ್ಚೆ ಸೀರೆಯೇ. ಮಗನ ಗಾಡಿಯ ಹತ್ತಿರ ಬಂದು, ಹಿಂದಿನ ಸೀಟನ್ನು ಒಮ್ಮೆ ನೋಡಿ, ಕಟ್ಟೆಯ ಮೇಲೆ ನಿಂತು, ಕಚ್ಚೆ ಸರಿಮಾಡಿಕೊಂಡು ಒಂದು ಕಾಲನ್ನು ಆಚೆ ಹಾಕಿ ಕೂತೇಬಿಟ್ಟರು. "ನಡಿಯೋ," ಎಂದರು. ನಾಲ್ಕು ತಿಂಗಳು ನನ್ನನ್ನು ಕುಣಿಸಿದ ಸೀಟು ಅವರ ಕೆಳಗೆ ಸುಮ್ಮನಾಯಿತು.

ನಾನು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದೆ. ಕಚ್ಚೆ ಹಾಕುವುದು ನನಗೆ ಬರದ ವಿದ್ಯೆಯಲ್ಲ. ಹಬ್ಬಕ್ಕೆ, ಮಡಿಗೆ, ಶ್ರಾವಣದ ಪೂಜೆಗೆ ಮನೆಯಲ್ಲಿ ಹಾಕುವುದೇ. ಅದನ್ನು ಉಟ್ಟು ನೌಕರಿಗೆ ಹೋಗಬಹುದೆಂದು ಹೊಳೆದಿರಲಿಲ್ಲ, ಅಷ್ಟೇ. ಶಿಕ್ಷಕಿ ಸೀರೆಯನ್ನೇ ಉಡಬೇಕು ಎನ್ನುತ್ತಿತ್ತಲ್ಲ ಊರು, ಇದೂ ಸೀರೆಯೇ.

ಸೋಮವಾರ ಅತ್ತೆಯವರ ಪೆಟ್ಟಿಗೆಯಿಂದ ಒಂದು ಹತ್ತಿಯ ಸೀರೆ ತೆಗೆದು, ಕಚ್ಚೆ ಹಾಕಿ, ಎರಡೂ ಕಡೆ ಕಾಲು ಹಾಕಿ ಕೂತೆ. ಎಂಟು ವರ್ಷದಲ್ಲಿ ಮೊದಲ ಸಲ ರಸ್ತೆಯ ಎರಡೂ ಮಗ್ಗುಲು ಒಟ್ಟಿಗೆ ಕಂಡವು. ಒಂಬತ್ತೂವರೆಗೆ ಶಾಲೆ ಮುಟ್ಟಿದೆ. ಊರಿನ ಮುದುಕಿಯರು, ಹೊಲಕ್ಕೆ ಕಚ್ಚೆ ಕಟ್ಟಿಯೇ ಹೋಗುವವರು, "ಈಗ ನೋಡ್ರಿ, ನಮ್ಮವರಂಗ ಕಾಣಾಕತ್ತೀರಿ," ಎಂದು ನಕ್ಕರು. ಎರಡು ವಾರ ಹೀಗೇ ನಡೆಯಿತು. ಎಲ್ಲ ಸರಿಹೋಯಿತು ಎಂದುಕೊಂಡೆ.

ಒಂದು ಸಂಜೆ ನನ್ನ ಗಂಡ ಬೂಟು ಬಿಚ್ಚುತ್ತ, ನನ್ನ ಮುಖ ನೋಡದೆ ಹೇಳಿದರು. "ನಾಳಿಂದ ಕಚ್ಚಿ ಬ್ಯಾಡ."

"ಯಾಕ?"

"ಹೋಟೆಲಿನ್ಯಾಗ ಎಲ್ಲಾರೂ ನಗಾಕತ್ತಾರ. ದೂರಿಂದ ನೋಡಿ ನಿಮ್ಮ ತಾಯಿಯವರು ಬಂದ್ರೇನು ಅಂತ ಕೇಳಿದ್ರು. ಇಂಥಾ ಗಾಡಿ ಮ್ಯಾಲೆ ಕಚ್ಚಿ ಹಾಕ್ಕೊಂಡು ಕೂತ್ರ ಹ್ಯಾಂಗ ಕಾಣಸ್ತದ, ನೀನೇ ಹೇಳು."

ಆಗ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ. ಗಾಡಿ ಚೆಂದ ಕಾಣಲೆಂದು ಜಾಲರಿ ತೆಗೆಸಿದರು, ತಡೆದುಕೊಂಡೆ. ಜಾರಿ ಬಿದ್ದೆ, ತಡೆದುಕೊಂಡೆ. ಆ ಸೀಟಿಗೆ ಹೊಂದುವಂತೆ ನನ್ನ ಉಡಿಗೆಯನ್ನೇ ಬದಲಿಸಿಕೊಂಡೆ. ಈಗ ಗಾಡಿಯ ಚೆಂದಕ್ಕೆ ನಾನೇ ಅಡ್ಡಿ.

"ಹದಿನಾಲ್ಕು ಬರದೀರಲಾ," ಎಂದೆ. "ಹದಿನೈದನೇದ್ದು ಬರಕೋರಿ. ಹೆಂಡ್ತಿ ಈ ಮಾಡೆಲ್ಲಿಗಿ ಹೊಂದಂಗಿಲ್ಲ ಅಂತ."

ಅವರು ಬೂಟು ಮೂಲೆಗಿಟ್ಟು ಒಳಗೆ ಹೋದರು. ಮರುದಿನ ನಾನು ಕಚ್ಚೆ ಹಾಕಿ ಬರುವಷ್ಟರಲ್ಲಿ, ಜರೂರು ಕೆಲಸವಿದೆ ಎಂದು ತಾಯಿಗೆ ಹೇಳಿ ಎಂಟೂವರೆಗೇ ಹೋಗಿಬಿಟ್ಟಿದ್ದರು. ನಾನು ಒಂಬತ್ತೂಕಾಲಿನ ಬಸ್ಸಿಗೆ ಓಡಿದೆ. ಹತ್ತೂ ಐವತ್ತಕ್ಕೆ ಶಾಲೆ ಮುಟ್ಟಿದರೆ ಮಕ್ಕಳು ಅರ್ಧಕ್ಕರ್ಧ ಇರಲಿಲ್ಲ. ಹಳೆಯ ಖಣಿಯ ದಂಡೆಯಲ್ಲಿ ನೀರಿಗೆ ಕಲ್ಲು ಎಸೆಯುತ್ತ ಕೂತಿದ್ದವು. ಒಂದೊಂದನ್ನೇ ರಟ್ಟೆ ಹಿಡಿದು ಕರೆತಂದೆ, ಎಣಿಸಿದೆ, ಮತ್ತೆ ಎಣಿಸಿದೆ. ಎಲ್ಲವೂ ಇದ್ದವು. ಬಾಗಿಲು ಹಾಕಿಕೊಂಡು ಐದು ನಿಮಿಷ ಕಣ್ಣೀರು ಸುರಿಸಿದೆ.

ಆ ಭಾನುವಾರ ಅವರು ಸಂಧ್ಯಾವಂದನೆಗೆ ಕೂತಿದ್ದಾಗ ಮೊಳೆಗೆ ತೂಗುಹಾಕಿದ್ದ ಗಾಡಿಯ ಕೀಲಿಕೈ ತೆಗೆದುಕೊಂಡೆ. ಅತ್ತೆಯವರು ಅಂಗಳದಲ್ಲಿ ಹಾಗಲ ಬಳ್ಳಿಗೆ ನೀರು ಹಾಕುತ್ತಿದ್ದರು.

"ಯಾರ ಸಂಗಟ ಹೊಂಟಿ?"

"ಯಾರೂ ಇಲ್ಲರಿ. ನಾ ಒಬ್ಬಾಕೀನ."

ಅವರು ನನ್ನನ್ನು, ಗಾಡಿಯನ್ನು, ಮತ್ತೆ ನನ್ನನ್ನು ನೋಡಿದರು. "ಹಾಂಗಾರ ಕಚ್ಚಿ ಬಿಗೀ ಕಟ್ಟು," ಎಂದರು.

ಸಂತೆಯ ಬಯಲು ಖಾಲಿ ಇತ್ತು. ಅಲ್ಲಿಯವರೆಗೆ ತಳ್ಳಿಕೊಂಡು ಹೋದೆ. ನ್ಯಾಯವಾಗಿ ಹೇಳಬೇಕೆಂದರೆ ಆ ಹದಿನಾಲ್ಕರಲ್ಲಿ ಎರಡು ನನಗೆ ಕೆಲಸಕ್ಕೆ ಬಂದವು. ಬಟನ್ ಒತ್ತಿದರೆ ಚಾಲೂ ಆಗುವುದು ಒಂದು, ಬ್ರೇಕು ಇನ್ನೊಂದು. ಗೇರಿನ ಲೆಕ್ಕ ನನ್ನ ಕಣ್ಣಲ್ಲಿತ್ತು, ಕಾಲಿಗೆ ಇಳಿಸುವುದಷ್ಟೇ ಬಾಕಿ. ಎರಡು ಸಲ ಬಿದ್ದೆ. ಟ್ಯಾಂಕಿನ ಮೇಲಿನ ಹೊಸ ಪಟ್ಟಿಗೆ ಉದ್ದಕ್ಕೆ ಗೀರು ಬಿತ್ತು. ಮೂರನೆಯ ಸಲ ಬಯಲಿನ ಸುತ್ತ ಒಂದು ಸುತ್ತು ಪೂರ್ತಿ ಹಾಕಿದೆ. ಬೆವರಿಳಿಯುತ್ತಿತ್ತು, ಬಾಯಲ್ಲಿ ಮಾತ್ರ ಬೈಗುಳ ನಡೆದೇ ಇತ್ತು. ಯಾರನ್ನು ಬೈದೆ ಎಂದು ಹೇಳುವುದಿಲ್ಲ.

ಗೀರು ನೋಡಿ ಅವರು ಎರಡು ದಿನ ಮಾತು ಬಿಟ್ಟರು. ಬಿಡಲಿ ಎಂದೆ. ಲೈಸೆನ್ಸು ಕೈಗೆ ಬರುವವರೆಗೆ ಅತ್ತೆಯವರು ಮೊಮ್ಮಗಳನ್ನು ತಯಾರು ಮಾಡುವ ಕೆಲಸ ವಹಿಸಿಕೊಂಡರು, ನಾನು ಏಳರ ಬಸ್ಸಿಗೆ ಹೋದೆ. ಭಾನುವಾರ ಭಾನುವಾರ ಬಯಲಿಗೆ. ಲೈಸೆನ್ಸು ಬಂದ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ನಾನು ಮುಂದಿನ ಸೀಟಿನಲ್ಲಿ ಕೂತು, ಗಾಡಿ ಚಾಲೂ ಮಾಡಿ, ಬಾಗಿಲ ಕಡೆ ನೋಡಿದೆ. ಅವರು ಡಬ್ಬಿ ಹಿಡಿದುಕೊಂಡು ಹೊರಗೆ ಬಂದರು.

"ಇಳಿ," ಎಂದರು.

"ನನ್ನ ಶಾಲಿಗಿ ಹೊತ್ತಾಗಾಕತ್ತದ. ಬರ್ತೀರೇನು ಹಿಂದ ಕುಂದ್ರಿ. ಇಲ್ಲಂದ್ರ ಬಸ್ಸಿಗಿ ಬರ್ರಿ, ಒಂಬತ್ತೂಕಾಲಿಗೆ ಅದ ಅಂತಾರ."

ಓಣಿಯಲ್ಲಿ ಇಬ್ಬರು ನಿಂತು ನೋಡುತ್ತಿದ್ದರು. ಅವರು ಕೂತರು. ಪ್ಯಾಂಟು ಹಾಕಿದವರು, ಎರಡೂ ಕಡೆ ಕಾಲು ಹಾಕಿಯೇ ಕೂತರು. ಊರು ದಾಟಿ ಮೊದಲನೆಯ ಹಂಪು ಬಂತು. ನಾನು ಗೇರು ಇಳಿಸಿದೆ. ಅವರ ಎರಡೂ ಕೈ ಬಂದು ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದವು.

"ಸಾವಕಾಶ, ಸಾವಕಾಶ," ಎಂದರು. "ಇಲ್ಲಿ ಹಿಡಿಲಿಕ್ಕೆ ಏನೂ ಇಲ್ಲ. ಮುಂದ ಜಾರ್ತದ."

"ಗೊತ್ತದ ರೀ," ಎಂದೆ.

ಕ್ರಾಸಿನ ಹೋಟೆಲ್ಲಿನ ಮುಂದೆ ನಿಲ್ಲಿಸಿದೆ. ಗೆಳೆಯರಿಬ್ಬರೂ ಚಹಾದ ಲೋಟ ಹಿಡಿದು ಎದ್ದು ನಿಂತಿದ್ದರು, ನಗುವುದನ್ನು ಮರೆತಿದ್ದರು. ನನ್ನ ಗಂಡ ಸೊಂಟ ಹಿಡಿದುಕೊಂಡು ಇಳಿದರು. ಗೆಳೆಯರಲ್ಲಿ ಒಬ್ಬರು ಅದೇ ಮಾಡೆಲ್ಲಿಗೆ ತಮ್ಮ ಗಾಡಿ ಬದಲಿಸುವವರಿದ್ದರು. ಏನಾದರೂ ಮಾತಾಡಲೇ ಬೇಕಿತ್ತು ಎಂದೋ ಏನೋ, "ಖರೇ ಹೇಳ್ರಿ, ಬದಲ್ ಮಾಡ್ಲೋ ಬ್ಯಾಡೋ?" ಎಂದು ಕೇಳಿದರು.

ನನ್ನ ಗಂಡ ಗಂಟಲು ಸರಿಮಾಡಿಕೊಂಡರು. "ನಾ ಹೇಳ್ತೀನಿ ಕೇಳ್ರಿ, ಬ್ಯಾಡ. ಹಿಂದಿನ ಸೀಟ್ ಭಾಳ ಖರಾಬ್ ಅದ. ಹಿಡಿಲಿಕ್ಕೆ ಜಾಗಾ ಇಲ್ಲ, ಜಾರ್ತದ. ಹೆಣ್ಮಕ್ಕಳು ಕೂಡೂದಂತೂ ಆಗಂಗಿಲ್ಲ. ಮನಿ ಮಂದಿ ಇದ್ದವರು ಇದನ್ನ ತಗೋಬಾರ್ದು. ನಾ ಕೂತು ನೋಡೀನಿ."

"ಹೌದಾ?" ಎಂದರು ಗೆಳೆಯರು. "ಇದು ಯಾರೂ ಹೇಳಿರಲಿಲ್ಲ ನೋಡ್ರಿ."

ಯಾರೂ ಹೇಳಿರಲಿಲ್ಲ. ನಾನು ಆರು ತಿಂಗಳು ಬಾಯಿ ಬಡಿದುಕೊಂಡದ್ದು, ಬಿದ್ದದ್ದು, ನಡೆದದ್ದು, ಹುಡುಗರನ್ನು ಖಣಿಯ ದಂಡೆಯಿಂದ ಎಳೆದು ತಂದದ್ದು, ಯಾವುದೂ ಹೇಳಿದ ಲೆಕ್ಕಕ್ಕೆ ಬಂದಿರಲಿಲ್ಲ. ಇವರು ಇಪ್ಪತ್ತು ನಿಮಿಷ ಕೂತು ಬಂದರು, ಅದು ಹದಿನೈದನೆಯ ಅಂಶವಾಯಿತು. ಬಟನ್ ಒತ್ತಿ ಗಾಡಿ ತಿರುಗಿಸಿ ಹಳ್ಳಿಯ ರಸ್ತೆ ಹಿಡಿದೆ. ಹಿಂದಿನಿಂದ ನನ್ನ ಗಂಡ, ವಾಡಿಗೆ ತಾವು ಹೇಗೆ ಹೋಗಬೇಕು ಎಂದು ಕೂಗಿ ಕೇಳಿದ್ದು ಕೇಳಿಸಿತು. ಗೆಳೆಯರ ಗಾಡಿಗಳಿದ್ದವು. ಅವಕ್ಕೂ ಹಿಂದಿನ ಸೀಟು ಇತ್ತು.

ಶಾಲೆಯ ಬೀಗ ತೆಗೆದಾಗ ಒಂಬತ್ತೂವರೆ ಇನ್ನೂ ಆಗಿರಲಿಲ್ಲ. ಅಂದು ಕೈ ಮುಗಿದ ತಾಯಿ ತನ್ನ ಎರಡು ಮಕ್ಕಳನ್ನು ಕರೆದುಕೊಂಡು ಬಂದಳು. ಅವನ್ನು ಒಳಗೆ ಬಿಟ್ಟು, ಖಣಿಗೆ ಹೊರಟವಳು, ಗಾಡಿಯ ಹತ್ತಿರ ನಿಂತಳು. ಸುತ್ತಲೂ ಬಂದು ನೋಡಿದಳು. ದೀಪ ನೋಡಲಿಲ್ಲ, ಮೀಟರ್ ನೋಡಲಿಲ್ಲ. ಹಿಂದಿನ ಸೀಟಿನ ಮೇಲೆ ಅಂಗೈ ಇಟ್ಟು ಒತ್ತಿ ನೋಡಿದಳು.

"ಟೀಚರ್, ಇದರ ಹಿಂದ ಹ್ಯಾಂಗ ಕುಂದರ್ತಾರ್ರಿ?"

ಇಷ್ಟು ದಿನದಲ್ಲಿ ಅದನ್ನು ತಾನಾಗಿ ಕೇಳಿದ ಮೊದಲನೆಯವಳು ಅವಳು. ನಾನು ಒಳಗೆ ಹೋಗಿ ಮೊದಲ ಗಂಟೆ ಬಾರಿಸಿದೆ.